ನಂಬರ್ ಹೋಗುತ್ತೆ, ಕಣ್ಣು ಗಿಡ್ಡಗೇ ಉಳಿಯುತ್ತೆ: ಪ್ಲಸ್ ಪವರ್ ಲೇಸರ್‌ನ ಕಥೆ

ಈ ಸಲದ ಕಥೆ ಶುರುವಾಗೋದು ಚಾಕಣ ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ. ಸಂಜೆ ಐದರ ಮೇಲೆ ಲ್ಯಾಪ್‌ಟಾಪಿನ ಅಕ್ಷರ ಮಸುಕಾಗಿ, ಹುಬ್ಬಿನ ಮೇಲೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ ನೋವು ಬರ್ತಿತ್ತು. ಅಂಗಡಿಯ ಕಾಕಾ ಎರಡು ಗಾಜು ಹಾಕಿ ತೆಗೆದು, "ತುಮ್ಹಾಲಾ ಚಾಳಿಶಿ ಲಾಗಲೀ" ಅಂದುಬಿಟ್ಟರು. ನನಗಿನ್ನೂ ಮೂವತ್ತನಾಲ್ಕು ಕಣ್ರೀ!

ನಮ್ಮ ಗದಗದ ಕಡೆ ಹಿರಿಯರು ಓದೋ ಕನ್ನಡಕಕ್ಕೆ ಚಾಳೀಸು ಅಂತಿದ್ದರು. ಅದೂ ಮರಾಠಿಯ ಚಾಳಿಶಿಯೂ ಒಂದೇ ಬಳ್ಳಿಯ ಕಾಯಿ, ನಲವತ್ತು ಅನ್ನೋ ಲೆಕ್ಕದಿಂದ ಹುಟ್ಟಿದ ಮಾತು. ಆದರೆ ನನ್ನದು ಚಾಳೀಸು ಅಲ್ಲ ಅಂತ ಗೊತ್ತಾಗಿದ್ದು ಪುಣೆಯ ಒಂದು ಆಸ್ಪತ್ರೆಯಲ್ಲಿ, ಕಣ್ಣಿಗೆ ಔಷಧಿ ಹನಿ ಬಿಟ್ಟು ಪರೀಕ್ಷೆ ಮಾಡಿದ ಮೇಲೆ. ಹನಿ ಬಿಡೋ ಮೊದಲು +1.5, ಬಿಟ್ಟ ಮೇಲೆ +3.25. ಇಷ್ಟು ವರ್ಷ ಕಣ್ಣೊಳಗಿನ ಸ್ನಾಯು ಹಗಲೂ ರಾತ್ರಿ ಓವರ್‌ಟೈಮ್ ಮಾಡಿ ಆ ವ್ಯತ್ಯಾಸವನ್ನ ಮುಚ್ಚಿಟ್ಟಿತ್ತು, ಈಗ ಅದಕ್ಕೆ ಸಾಕಾಗಿದೆ ಅಷ್ಟೇ.

ಅದೇ ದಿನ ಕೌನ್ಸೆಲರ್ ಒಬ್ಬರು ಲೇಸರ್ ಪ್ಯಾಕೇಜ್ ತೋರಿಸಿದರು, ಇಎಂಐ ಸಮೇತ. ನಾನು ಕೇಳಿದ್ದು ಒಂದೇ ಪ್ರಶ್ನೆ: ಆಪರೇಷನ್ ಆದಮೇಲೆ ನನ್ನ ಕಣ್ಣಲ್ಲಿ ಏನೇನು ಬದಲಾಗಿರುತ್ತೆ? "ಕಾರ್ನಿಯಾ ಶೇಪ್ ಸರ್, ಅಷ್ಟೇ."

ಆ "ಅಷ್ಟೇ" ಒಳಗೆ ನೂರ ಇಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಮೂರು ತಿಂಗಳು ವಾರದ ಕೊನೆಯಲ್ಲಿ ಕೂತು ಓದಿದ್ದನ್ನ ಇವತ್ತು ಹೇಳ್ತೀನಿ. ನಾನು ಡಾಕ್ಟರ್ ಅಲ್ಲ, ಕಾರಿನ ಬಿಡಿಭಾಗಗಳನ್ನ ಕ್ಯಾಮೆರಾದಿಂದ ತಪಾಸಣೆ ಮಾಡೋ ಸಾಫ್ಟ್‌ವೇರ್ ಬರೆಯೋನು. ಅದನ್ನ ನೆನಪಿಟ್ಟುಕೊಂಡು ಓದಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ದೂರದೃಷ್ಟಿ ದೋಷ ಅಂತ ಹೆಸರು. ದೂರದೃಷ್ಟಿ ಅಂದ್ರೆ ನಮ್ಮಲ್ಲಿ ದೊಡ್ಡ ಗುಣ, ಅದು ಹೇಗೆ ದೋಷ ಆಯ್ತು ಅಂತ ಏಳನೇ ಕ್ಲಾಸಲ್ಲಿ ಕೇಳಿ ಬೈಸಿಕೊಂಡಿದ್ದೆ. ಚಾಳೀಸು ಬೇರೆ, ಇದು ಬೇರೆ ಅಂತ ಕಟ್ಟುನಿಟ್ಟಾಗಿ ಬೇರ್ಪಡಿಸಿದ್ದು ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದ ಫ್ರಾನ್ಸಿಸ್ಕಸ್ ಡಾಂಡರ್ಸ್, 1864ರ ತನ್ನ ದೊಡ್ಡ ಗ್ರಂಥದಲ್ಲಿ. ಚಾಳೀಸಲ್ಲಿ ಒಳಗಿನ ಲೆನ್ಸ್ ವಯಸ್ಸಾಗಿ ಬಿಗಿಯಾಗುತ್ತೆ. ಪ್ಲಸ್ ಪವರ್‌ನಲ್ಲಿ ಕಣ್ಣುಗುಡ್ಡೆಯೇ ಗಿಡ್ಡ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 23.5 ಮಿಲಿಮೀಟರ್ ಉದ್ದ. ಒಂದು ಮಿಲಿಮೀಟರ್ ಕಡಿಮೆಯಾದರೆ ಸುಮಾರು 3 ಡಯಾಪ್ಟರ್ ಪ್ಲಸ್. ನನ್ನದು 22.4. ಬೆಳಕು ರೆಟಿನಾದ ಮೇಲೆ ಕೂಡೋ ಬದಲು ಅದರ ಹಿಂದೆ ಕೂಡೋದಕ್ಕೆ ಹೊರಟಿರುತ್ತೆ. ಹುಟ್ಟಿದ ಮಕ್ಕಳೆಲ್ಲ ಹೆಚ್ಚುಕಡಿಮೆ ಹೀಗೇ ಇರ್ತಾರೆ, ಕಣ್ಣು ಬೆಳೀತಾ ಸರಿಹೋಗುತ್ತೆ. ನಮ್ಮಂಥ ಕೆಲವರ ಕಣ್ಣು ಬೆಳೆಯೋದನ್ನ ಸ್ವಲ್ಪ ಮೊದಲೇ ನಿಲ್ಲಿಸಿಬಿಡುತ್ತೆ.

ಹಾಗಾದರೆ ಕಣ್ಣನ್ನ ಉದ್ದ ಮಾಡಬೇಕಲ್ವಾ? ಅದು ಆಗದ ಮಾತು. ಆದ್ದರಿಂದ ಇತಿಹಾಸದುದ್ದಕ್ಕೂ ಎಲ್ಲರೂ ಕೈ ಹಾಕಿದ್ದು ಮುಂದಿನ ಗಾಜಿಗೆ, ಕಾರ್ನಿಯಾಗೆ. ಕಣ್ಣಿನ ಒಟ್ಟು ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟು ಅಲ್ಲೇ ಇದೆ. ಒಳಗೆ ರಕ್ತನಾಳ ಇಲ್ಲ, ಮುಂದೆಯೇ ಇದೆ, ಕೈಗೆ ಸಿಗುತ್ತೆ.

ಕಾರ್ನಿಯಾದ ರಚನೆ ಹೇಳೋಕೆ ನಮಗೆ ಪಠ್ಯಪುಸ್ತಕ ಬೇಡ. 2021ರ ಅಕ್ಟೋಬರ್ 29 ನೆನಪಿದೆಯಲ್ಲ? ಪುನೀತ್ ರಾಜ್‌ಕುಮಾರ್ ಹೋದ ದಿನ. ನಮ್ಮ ಆಫೀಸಿನ ಕ್ಯಾಂಟೀನಲ್ಲಿ ನಾವು ಐದು ಜನ ಕನ್ನಡದವರು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ವಿ. ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿ ಹೇಳಿದಾಗ ಬಹಳ ಮಂದಿಗೆ ಲೆಕ್ಕ ಹತ್ತಲಿಲ್ಲ. ಎರಡು ಕಣ್ಣು, ನಾಲ್ಕು ಜನ? ಗುಟ್ಟು ಏನಂದ್ರೆ ಕಾರ್ನಿಯಾ ಒಂದೇ ಹಾಳೆ ಅಲ್ಲ. ಪ್ರತಿ ಕಾರ್ನಿಯಾವನ್ನ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ, ಮುಂಭಾಗ ಹಾಳಾದವರಿಗೆ ಒಂದು, ಒಳಭಾಗ ಹಾಳಾದವರಿಗೆ ಇನ್ನೊಂದು ಹಾಕಿದರು.

ಚಾಕಣದ ಉಳ್ಳಾಗಡ್ಡಿ ಮಾರ್ಕೆಟ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಅರ್ಧ ಮಿಲಿಮೀಟರ್‌ಗಿಂತ ಚೂರು ಹೆಚ್ಚು ದಪ್ಪದಲ್ಲಿ ಎಲ್ಲಕ್ಕಿಂತ ಮೇಲೆ ಎಪಿಥೀಲಿಯಂ, 50 ಮೈಕ್ರಾನ್, ದಿನಾ ಸವೆದು ದಿನಾ ಹೊಸದಾಗಿ ಹುಟ್ಟೋ ಚರ್ಮ. ಅದರ ಕೆಳಗೆ ಬೋಮನ್ ಪದರ, ಹತ್ತು ಹನ್ನೆರಡು ಮೈಕ್ರಾನ್, ಒಮ್ಮೆ ಹೋದರೆ ಮತ್ತೆ ಹುಟ್ಟಲ್ಲ. ಆಮೇಲೆ ಸ್ಟ್ರೋಮಾ, ಕೊಲಾಜನ್ ಹಾಳೆಗಳು ನೂರಾರು, ಒಂದರ ಮೇಲೊಂದು. ದಪ್ಪದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇದೇ. ಕಟ್ಟಕಡೆಗೆ ಎಂಡೋಥೀಲಿಯಂ, ನೀರು ಹೊರಗೆ ಹಾಕೋ ಪಂಪು. ಲೇಸರ್ ಕೆಲಸ ನಡೆಯೋದು ಮಧ್ಯದ ಸ್ಟ್ರೋಮಾದಲ್ಲಿ. ಉತ್ತರ ಕೊಡೋದು ಮಾತ್ರ ಮೇಲಿನ ಎಪಿಥೀಲಿಯಂ. ಆ ಉತ್ತರಕ್ಕೆ ಆಮೇಲೆ ಬರ್ತೀನಿ.

1898ರಲ್ಲಿ ಡಚ್ ವೈದ್ಯ ಲಾನ್ಸ್ ಮೊಲಗಳ ಕಾರ್ನಿಯಾವನ್ನ ಕೊಯ್ದು, ಸುಟ್ಟು ನೋಡಿ, ಆಕಾರ ಬದಲಾಗುತ್ತೆ ಅಂತ ಬರೆದ. ಸುಟ್ಟ ಜಾಗದಲ್ಲಿ ಕೊಲಾಜನ್ ಕುಗ್ಗುತ್ತೆ. ಅಂಚಿನಲ್ಲಿ ಸುತ್ತಲೂ ಕುಗ್ಗಿಸಿದರೆ ನಡುವೆ ಉಬ್ಬುತ್ತೆ, ಜೋಳಿಗೆಯ ಬಾಯಿ ಎಳೆದ ಹಾಗೆ. ಪ್ಲಸ್ ಪವರ್‌ಗೆ ಬೇಕಾಗಿದ್ದು ಅದೇ ಉಬ್ಬು. 1980ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಬಿಸಿ ಸೂಜಿಯಿಂದ ಇದನ್ನ ಮನುಷ್ಯರ ಮೇಲೆ ಮಾಡಿದ. ಇದೇ ಫ್ಯೊದೊರೊವ್ ಮೈನಸ್ ಪವರ್‌ನವರ ಕಾರ್ನಿಯಾಗೆ ಸೈಕಲ್ ಚಕ್ರದ ಕಡ್ಡಿಗಳ ಥರ ಗೆರೆ ಕೊಯ್ಯೋದನ್ನ ಜನಪ್ರಿಯ ಮಾಡಿದವನು. ರೋಗಿಗಳು ಕನ್ವೇಯರ್ ಮೇಲೆ ಮಲಗಿ ಒಬ್ಬ ಸರ್ಜನ್‌ನಿಂದ ಇನ್ನೊಬ್ಬನ ಹತ್ತಿರ ಸಾಗ್ತಿದ್ದರು. ನಮ್ಮ ಎಂಐಡಿಸಿಯ ಅಸೆಂಬ್ಲಿ ಲೈನ್ ನೋಡಿದವರಿಗೆ ಆ ಫೋಟೋ ಹೊಸದೇನೂ ಅನ್ನಿಸಲ್ಲ. ಆದರೆ ಲೈನಿನಿಂದ ಇಳಿದ ಮೇಲೂ ಕಣ್ಣು ಬದಲಾಗ್ತಾನೇ ಇತ್ತು. ಅಮೆರಿಕದಲ್ಲಿ ಇದೇ ಆಪರೇಷನ್ ಆದವರನ್ನ ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನ 1994ರಲ್ಲಿ ಬಂತು: ನೂರಕ್ಕೆ 43 ಕಣ್ಣು ಒಂದು ಡಯಾಪ್ಟರ್ ಅಥವಾ ಅದಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ಜಾರಿದ್ದವು. ಮೈನಸ್ ವಾಸಿ ಮಾಡೋಕೆ ಹೋಗಿ ಪ್ಲಸ್‌ನವರನ್ನ ತಯಾರು ಮಾಡಿದ್ದರು.

ಇನ್ನೊಂದು ದಾರಿ ಕೊಲಂಬಿಯಾದ ಬೊಗೊಟಾದಲ್ಲಿ ಹೊಸೆ ಬಾರಾಕೆರ್ ಹಿಡಿದದ್ದು. 1949ರಲ್ಲೇ ಕಾರ್ನಿಯಾವನ್ನ ಲೆನ್ಸ್ ಥರ ಕಡೆಯಬಹುದು ಅಂತ ಬರೆದ. ಮೇಲಿನ ಬಿಲ್ಲೆಯೊಂದನ್ನ ತೆಳ್ಳಗೆ ಹೆರೆದು, ಹೆಪ್ಪುಗಟ್ಟಿಸಿ, ಲೇತ್‌ನಲ್ಲಿ ಕಡೆದು, ಮತ್ತೆ ಕಣ್ಣಿಗೆ ಹೊಲಿಯೋದು. ನಿಜವಾದ ಲೇತ್ ರೀ! ಪ್ಲಸ್‌ನವರಿಗೆ ಅವನ ಹತ್ತಿರ ಇನ್ನೊಂದು ಉಪಾಯ ಇತ್ತು: ಸತ್ತವರು ದಾನ ಮಾಡಿದ ಕಾರ್ನಿಯಾದಿಂದ ಪುಟ್ಟ ಲೆನ್ಸ್ ಕಡೆದು, ಇವರ ಕಾರ್ನಿಯಾದ ಪದರಗಳ ನಡುವೆ ಇಡೋದು. ತೆಗೆಯೋದಲ್ಲ, ಸೇರಿಸೋದು. ಈ ಉಪಾಯ ಅರ್ಧ ಶತಮಾನ ದಾಟಿ ಬೆಂಗಳೂರಿಗೆ ಬರುತ್ತೆ, ನೆನಪಿಡಿ.

ಈಗ ಲೇಸರ್. ನಮ್ಮ ಕಂಪನಿಗೆ ಶೀಟ್ ಕತ್ತರಿಸಿ ಕೊಡೋ ವೆಂಡರ್ ಶೆಡ್‌ನಲ್ಲಿ ಫೈಬರ್ ಲೇಸರ್ ಮೆಷಿನ್ ಇದೆ. ಒಂದು ಮೈಕ್ರಾನ್ ಸುತ್ತಮುತ್ತಲಿನ ತರಂಗದ ಬೆಳಕು. ಉಕ್ಕನ್ನ ಕರಗಿಸುತ್ತೆ, ಕರಗಿದ್ದನ್ನ ಗ್ಯಾಸ್ ಊದಿ ಹೊರಗೆ ತಳ್ಳುತ್ತೆ. ಕತ್ತರಿಸಿದ ಅಂಚು ಮುಟ್ಟಿದರೆ ಬಿಸಿ. ಇದನ್ನ ಕಣ್ಣಿನ ಮೇಲೆ ಬಿಟ್ಟರೆ ಏನಾಗುತ್ತೆ ಅಂತ ಹೇಳೋದೇ ಬೇಡ. ಕಣ್ಣಿಗೆ ಬೇಕಾಗಿದ್ದು ಬಿಸಿ ಮಾಡದೆ ಕತ್ತರಿಸೋ ಬೆಳಕು. ಅದು ಸಿಕ್ಕಿದ್ದು ಒಬ್ಬ ಮದ್ರಾಸಿನವರ ಕೈಯಲ್ಲಿ.

ರಂಗಸ್ವಾಮಿ ಶ್ರೀನಿವಾಸನ್. 1929ರಲ್ಲಿ ಹುಟ್ಟಿದವರು, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿ, ಕ್ಯಾಲಿಫೋರ್ನಿಯಾದಲ್ಲಿ ಪಿಎಚ್‌ಡಿ ಮಾಡಿ, 1961ರಲ್ಲಿ ಐಬಿಎಂ ಸೇರಿದರು. ಹೌದು, ನಮ್ಮಲ್ಲಿ ಎಷ್ಟೋ ಜನ ಬ್ಯಾಡ್ಜ್ ಹಾಕಿಕೊಂಡಿರೋ ಅದೇ ಐಬಿಎಂ. 1981ರ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮನೆಯಲ್ಲಿ ಉಳಿದ ಟರ್ಕಿ ಕೋಳಿಯ ಮಾಂಸದ ತುಂಡು ಲ್ಯಾಬಿಗೆ ತಂದು 193 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರ್ ಕೆಳಗೆ ಇಟ್ಟರು. ಕೊರೆದ ಜಾಗ ಚೂಪಾಗಿ, ಸ್ವಚ್ಛವಾಗಿ, ಸುತ್ತ ಸುಟ್ಟ ಗುರುತೇ ಇಲ್ಲದೆ ಬಂತು. ಹಸಿರು ಬೆಳಕಿನ ಇನ್ನೊಂದು ಲೇಸರ್‌ನಲ್ಲಿ ಮಾಡಿದ್ದು ಕರಕಲು. ಜೊತೆಗಿದ್ದವರು ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್. 193 ನ್ಯಾನೊಮೀಟರ್‌ನ ಒಂದೊಂದು ಫೋಟಾನಿಗೂ ಕೊಲಾಜನ್‌ನ ರಾಸಾಯನಿಕ ಕೊಂಡಿಯನ್ನ ನೇರವಾಗಿ ಮುರಿಯೋ ಶಕ್ತಿ ಇದೆ. ಬಿಸಿ ಹರಡೋ ಮೊದಲೇ ಆ ಚೂರು ಹಾರಿಹೋಗಿರುತ್ತೆ. ಒಂದು ಪಲ್ಸ್‌ಗೆ ಮೈಕ್ರಾನಿನ ಕಾಲುಭಾಗದಷ್ಟು. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಜೊತೆ ಸೇರಿ ಕಾರ್ನಿಯಾ ಮೇಲಿನ ಪ್ರಬಂಧ ಬಂತು. 1988ರಲ್ಲಿ ನ್ಯೂ ಆರ್ಲಿಯನ್ಸ್‌ನ ಮಾರ್ಗರೀಟ್ ಮೆಕ್‌ಡೊನಾಲ್ಡ್, ಕ್ಯಾನ್ಸರ್‌ನಿಂದಾಗಿ ಹೇಗೂ ತೆಗೆಯಲೇಬೇಕಿದ್ದ, ಆದರೆ ಇನ್ನೂ ಕಾಣುತ್ತಿದ್ದ ಒಂದು ಕಣ್ಣಿನ ಮೇಲೆ ಇದನ್ನ ಮಾಡಿದರು. ಆ ರೋಗಿಯ ಧೈರ್ಯದ ಮುಂದೆ ನಮ್ಮ ಕನ್ಸೆಂಟ್ ಫಾರ್ಮ್ ಏನೂ ಅಲ್ಲ. 1990ರ ಹೊತ್ತಿಗೆ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಪಲ್ಲಿಕಾರಿಸ್, ಬಾರಾಕೆರ್‌ನ ಬಿಲ್ಲೆಯನ್ನ ಪೂರ್ತಿ ತೆಗೆಯದೆ ಪುಸ್ತಕದ ಪುಟದ ಥರ ಮಡಚಿ, ಕೆಳಗೆ ಲೇಸರ್ ಹೊಡೆದು, ಮತ್ತೆ ಮುಚ್ಚಿದರು. ಅದೇ ಲೇಸಿಕ್.

ಮೈನಸ್ ಪವರ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 1995ರಲ್ಲಿ. ಪ್ಲಸ್‌ಗೆ 1998. ಮೂರು ವರ್ಷದ ಈ ಗ್ಯಾಪ್‌ನಲ್ಲೇ ನನ್ನ ಪ್ರಶ್ನೆಗೆ ಉತ್ತರ ಇದೆ.

1988ರಲ್ಲಿ ಚಾರ್ಲ್ಸ್ ಮನ್ನರ್ಲಿನ್ ಅನ್ನೋ ಎಂಜಿನಿಯರ್ ಮತ್ತು ಸಂಗಡಿಗರು ಒಂದು ಫಾರ್ಮುಲಾ ಕೊಟ್ಟರು. ವಲಯದ ವ್ಯಾಸದ ವರ್ಗವನ್ನ ಡಯಾಪ್ಟರ್‌ನಿಂದ ಗುಣಿಸಿ ಮೂರರಿಂದ ಭಾಗಿಸಿ, ಕೊರೆಯಬೇಕಾದ ಆಳ ಮೈಕ್ರಾನ್‌ನಲ್ಲಿ ಬರುತ್ತೆ. 6 ಮಿಲಿಮೀಟರ್ ವಲಯಕ್ಕೆ ಡಯಾಪ್ಟರ್‌ಗೆ 12 ಮೈಕ್ರಾನ್. ಮೈನಸ್ ಕಣ್ಣಿಗೆ ನಡುವೆ ಕೊರೆದು ಚಪ್ಪಟೆ ಮಾಡಬೇಕು, ತಟ್ಟೆಯ ಥರ. ಸುಲಭ. ಪ್ಲಸ್‌ಗೆ ನಡುವನ್ನ ಉಬ್ಬಿಸಬೇಕು. ಆದರೆ ಲೇಸರ್‌ಗೆ ತೆಗೆಯೋದು ಗೊತ್ತೇ ಹೊರತು ಸೇರಿಸೋದು ಗೊತ್ತಿಲ್ಲ. ಹಾಗಾಗಿ ನಡುವನ್ನ ಹೆಚ್ಚು ಮುಟ್ಟದೆ, ಸುತ್ತಲೂ ಉಂಗುರದ ಹಾಗೆ ಹಳ್ಳ ತೋಡ್ತಾರೆ. ದೇವಸ್ಥಾನದ ಸುತ್ತ ಕಂದಕ ತೋಡಿದರೆ ದೇವಸ್ಥಾನ ಎತ್ತರ ಕಾಣುತ್ತಲ್ಲ, ಹಾಗೆ. ಹಳ್ಳದಿಂದ ಹೊರಗಿನ ದಡಕ್ಕೆ ನಯವಾದ ಇಳಿಜಾರು ಬೇಕು, ಆದ್ದರಿಂದ ಒಟ್ಟು ವ್ಯಾಸ 9 ಮಿಲಿಮೀಟರ್‌ವರೆಗೂ ಹೋಗುತ್ತೆ. ಲೇಸಿಕ್ ಆದರೆ ಫ್ಲಾಪ್ ಕೂಡ ಅಷ್ಟೇ ದೊಡ್ಡದು, ಅಂದ್ರೆ ಕತ್ತರಿಸಿಹೋಗೋ ನರಗಳೂ ಹೆಚ್ಚು, ಕಣ್ಣು ಒಣಗೋದೂ ಹೆಚ್ಚು. ಫ್ಲಾಪಿನ ಅಂಚು ಮಾಯುತ್ತೆ, ಒಳಗಿನ ಮೈ ಮೊದಲಿನ ಗಟ್ಟಿತನಕ್ಕೆ ಯಾವತ್ತೂ ಬರಲ್ಲ.

ಈಗ ಎಪಿಥೀಲಿಯಂನ ಉತ್ತರ. ಅದಕ್ಕೆ ನಯವಾದ ಮೇಲ್ಮೈ ಬೇಕು. ರೆಪ್ಪೆ ದಿನಕ್ಕೆ ಸಾವಿರಾರು ಸಲ ಅದನ್ನ ಸವರ್ತಾ ಇರುತ್ತೆ. ಕೆಳಗೆ ಹಳ್ಳ ಕಂಡರೆ ಅದು ದಪ್ಪವಾಗಿ ತುಂಬುತ್ತೆ, ಉಬ್ಬು ಕಂಡರೆ ತೆಳ್ಳಗಾಗುತ್ತೆ. ಮಳೆಗಾಲದಲ್ಲಿ ನಾಶಿಕ್ ರಸ್ತೆಯ ಗುಂಡಿ ತುಂಬೋ ಗುತ್ತಿಗೆದಾರರು ಇಷ್ಟು ಶಿಸ್ತಾಗಿದ್ದರೆ ನಾವೆಲ್ಲ ಒಂದು ಗಂಟೆ ಬೇಗ ಮನೆ ಸೇರ್ತಿದ್ವಿ. ಉಂಗುರದ ಹಳ್ಳ ತುಂಬ್ತಾ ಬಂದ ಹಾಗೆ ಗಳಿಸಿದ ಡಯಾಪ್ಟರ್ ಒಂದಷ್ಟು ಸೋರಿಹೋಗುತ್ತೆ. ಅದಕ್ಕೇ ಪ್ಲಸ್ ಲೇಸರ್‌ನಲ್ಲಿ ನಂಬರ್ ವಾಪಸ್ ಬರೋದು ಮೈನಸ್‌ಗಿಂತ ಜಾಸ್ತಿ, ಪವರ್ ದೊಡ್ಡದಾದಷ್ಟೂ ಜಾಸ್ತಿ. ನಡುವೆ ತೀರಾ ಕಡಿದಾಗಿ ಉಬ್ಬಿಸಿದರೆ ಅಲ್ಲಿ ಎಪಿಥೀಲಿಯಂ ತೆಳುವಾಗಿ ತೊಂದರೆ, ದೃಷ್ಟಿಯ ಗುಣಮಟ್ಟವೂ ಇಳಿಯುತ್ತೆ. ಅದಕ್ಕೇ ಸರ್ಜನ್‌ಗಳು ಆಪರೇಷನ್ ನಂತರದ ಕಾರ್ನಿಯಾ ಸುಮಾರು 50 ಡಯಾಪ್ಟರ್ ಮೀರದ ಹಾಗೆ ನೋಡಿಕೊಳ್ತಾರೆ. ಮನ್ನರ್ಲಿನ್ ಫಾರ್ಮುಲಾ ಕಾರ್ನಿಯಾವನ್ನ ಪ್ಲಾಸ್ಟಿಕ್ ಅಂದುಕೊಂಡಿತ್ತು. ಅದರಲ್ಲಿ ಗಾಯ ಮಾಯುವುದಕ್ಕೆ ಒಂದು ವೇರಿಯಬಲ್ ಇರಲಿಲ್ಲ. ಪ್ರೊಡಕ್ಷನ್‌ಗೆ ಹೋದಮೇಲೆ ಸಿಕ್ಕ ಬಗ್ ಅದು.

ಇನ್ನೊಂದು ಸೂಕ್ಷ್ಮ. ಗಿಡ್ಡ ಕಣ್ಣಿನಲ್ಲಿ ನಾವು ನೋಡೋ ಗೆರೆ ಪಾಪೆಯ ನಟ್ಟನಡುವೆ ಹಾಯಲ್ಲ, ಮೂಗಿನ ಕಡೆಗೆ ಸ್ವಲ್ಪ ಸರಿದಿರುತ್ತೆ. ಪಾಪೆಯ ನಡುವಿಗೆ ಗುರಿಯಿಟ್ಟರೆ ಉಬ್ಬು ತಪ್ಪು ಜಾಗದಲ್ಲಿ ಏಳುತ್ತೆ. ಇದನ್ನ ಕಲಿಯೋಕೂ ಕಾಲ ಹಿಡೀತು.

ಈ ನಡುವೆ ಸುಡೋ ದಾರಿಯೂ ಲೇಸರ್ ವೇಷದಲ್ಲಿ ವಾಪಸ್ ಬಂತು. ಹೋಲ್ಮಿಯಂ ಲೇಸರ್‌ನಿಂದ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಬಿಸಿ ಮಾಡೋದು. 2000ದಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಾಗಲೇ "ತಾತ್ಕಾಲಿಕ" ಅಂತ ಸೇರಿಸಿತ್ತು. ಕೊಲಾಜನ್ ನಿಧಾನಕ್ಕೆ ಸಡಿಲಾಗಿ ನಂಬರ್ ಮರಳಿತು, ಮೆಷಿನ್ ಮೂಲೆ ಸೇರಿತು.

ಬೆಂಗಳೂರಿನ ಮಾತಿಗೆ ಬಂದೆ. ಫೆಮ್ಟೊಸೆಕೆಂಡ್ ಲೇಸರ್ ಬಂದಮೇಲೆ, ಅಂದ್ರೆ 2018ರಲ್ಲಿ ಡೊನಾ ಸ್ಟ್ರಿಕ್ಲಂಡ್ ಮತ್ತು ಜೆರಾರ್ ಮುರೂಗೆ ನೊಬೆಲ್ ತಂದ ತಂತ್ರದಿಂದ, ಸ್ಮೈಲ್ ಅನ್ನೋ ಆಪರೇಷನ್ ಶುರುವಾಯ್ತು. ಮೈನಸ್‌ನವರ ಸ್ಟ್ರೋಮಾದೊಳಗೆ ಪುಟ್ಟ ಲೆನ್ಸ್ ಆಕಾರದ ಚೂರನ್ನ ಕತ್ತರಿಸಿ, ಸಣ್ಣ ಕಿಂಡಿಯಿಂದ ಎಳೆದು ತೆಗೆಯೋದು. ಆ ಚೂರು ಕಸದ ಬುಟ್ಟಿಗೆ ಹೋಗ್ತಿತ್ತು. ಆದರೆ ಅದು ನಡುವೆ ದಪ್ಪ, ಅಂಚಲ್ಲಿ ತೆಳು, ಪ್ಲಸ್ ಕಣ್ಣಿಗೆ ಬೇಕಾದ ಲೆನ್ಸ್ ತಾನೇ! ಜಯನಗರದ ನೇತ್ರಧಾಮದ ಡಾ. ಶ್ರೀ ಗಣೇಶ್ ಮತ್ತು ಸಂಗಡಿಗರು ಇಂಥ ಚೂರುಗಳನ್ನ ಹೆಪ್ಪುಗಟ್ಟಿಸಿ ಕಾಪಿಟ್ಟು, ಬೇರೆಯವರ ಕಾರ್ನಿಯಾದೊಳಗೆ ಸೇರಿಸಿದ್ದನ್ನ 2014ರಲ್ಲಿ ಪ್ರಕಟಿಸಿದರು. ಬಾರಾಕೆರ್‌ನ ಹಳೇ ಉಪಾಯ ಮರುಜೀವ ಪಡೀತು. ಇದು ಇನ್ನೂ ದಿನನಿತ್ಯದ ಚಿಕಿತ್ಸೆ ಆಗಿಲ್ಲ. ಆದರೂ ಒಬ್ಬರ ಮೈನಸ್ಸು ಇನ್ನೊಬ್ಬರ ಪ್ಲಸ್ಸು ಆಗೋದು ನನಗೆ ಈ ಇಡೀ ಇತಿಹಾಸದಲ್ಲಿ ಹೆಚ್ಚು ಇಷ್ಟವಾದ ಭಾಗ.

ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸೋಕಾಗದ ಕಾರಣ ಅವ್ವ.

ಅವ್ವಂದೂ ದಪ್ಪ ಪ್ಲಸ್ ಕನ್ನಡಕ. ಆರು ವರ್ಷದ ಹಿಂದೆ ಒಂದು ರಾತ್ರಿ ವಿಪರೀತ ತಲೆನೋವು, ವಾಂತಿ. ಪಿತ್ತ ಅಂದುಕೊಂಡ್ವಿ. ಊರಿನ ಡಾಕ್ಟರ್ ಕೂಡ ಗ್ಯಾಸಿನ ಗುಳಿಗೆ ಕೊಟ್ಟರು. ಮೂರನೇ ದಿನ ಕಣ್ಣು ಕೆಂಪಗೆ ಕಲ್ಲಿನ ಹಾಗಾದಾಗ ಹುಬ್ಬಳ್ಳಿಗೆ ಓಡಿದ್ವಿ. ಗ್ಲಾಕೋಮಾ, ಕೋನ ಮುಚ್ಚಿಕೊಳ್ಳೋ ಬಗೆ. ಗಿಡ್ಡ ಕಣ್ಣಿನಲ್ಲಿ ಎಲ್ಲಾ ಇಕ್ಕಟ್ಟು. ವಯಸ್ಸಾದಂತೆ ಲೆನ್ಸ್ ದಪ್ಪವಾಗಿ ಐರಿಸ್ಸನ್ನ ಮುಂದಕ್ಕೆ ತಳ್ಳುತ್ತೆ, ನೀರು ಹೊರಹೋಗೋ ಕೋನ ಮುಚ್ಚುತ್ತೆ, ಒತ್ತಡ ಏರಿ ನರ ಸಾಯುತ್ತೆ. ಆ ಕಣ್ಣಲ್ಲಿ ಈಗ ನೆರಳು ಮಾತ್ರ. ಇನ್ನೊಂದು ಕಣ್ಣಿನ ಐರಿಸ್‌ಗೆ ಬೇರೊಂದು ಲೇಸರ್‌ನಿಂದ ಸಣ್ಣ ತೂತು ಮಾಡಿ ಉಳಿಸಿದರು.

ಕೌನ್ಸೆಲರ್ ಹೇಳಿದ "ಅಷ್ಟೇ" ನಿಜವೇ. ಕಾರ್ನಿಯಾದ ಮುಂದಿನ ಮೈ ಬದಲಾಗುತ್ತೆ, ಅಷ್ಟೇ. ಉದ್ದ 22.4 ಹಾಗೇ ಇರುತ್ತೆ. ಮುಂದಿನ ಕೋಣೆಯ ಇಕ್ಕಟ್ಟು ಹಾಗೇ. ಕೋನ ಹಾಗೇ. ಹೋಗೋದು ಮೂಗಿನ ಮೇಲಿನ ಕನ್ನಡಕ. ಅರವತ್ತನೇ ವಯಸ್ಸಿನಲ್ಲಿ ಹೈದರಾಬಾದಲ್ಲೋ ಆಸ್ಟಿನ್‌ನಲ್ಲೋ ಯಾವುದೋ ರಾತ್ರಿ ತಲೆನೋವು ಅಂತ ಹೋದರೆ, ಎದುರಿಗಿರೋ ಡಾಕ್ಟರ್‌ಗೆ ನಾನು ಗಿಡ್ಡ ಕಣ್ಣಿನವನು ಅಂತ ಹೇಳೋ ದಪ್ಪ ಗಾಜು ಅಲ್ಲಿರಲ್ಲ.

ಪೊರೆ ಆಪರೇಷನ್ ಸಮಯಕ್ಕೂ ಇದೇ ಕಥೆ. ಕಾರ್ನಿಯಾದ ಮುಂದಿನ ಮೈ ಬದಲಾಗಿ ಹಿಂದಿನ ಮೈ ಹಾಗೇ ಉಳಿದಿರೋದರಿಂದ ಮಾಮೂಲಿ ಅಳತೆ ತಪ್ಪು ಹೇಳುತ್ತೆ. ಪ್ಲಸ್ ಲೇಸರ್ ಆದವರಿಗೆ ಹಾಕೋ ಲೆನ್ಸ್ ಹೆಚ್ಚು ಶಕ್ತಿಯದಾಗಿ ಮೈನಸ್ ಕಡೆ ಜಾರೋ ಸಾಧ್ಯತೆ. ಅದಕ್ಕೆ ಬೇರೆ ಫಾರ್ಮುಲಾಗಳಿವೆ, ಆದರೆ ಲೇಸರ್ ಆಗಿದೆ ಅಂತ ಡಾಕ್ಟರ್‌ಗೆ ಗೊತ್ತಿರಬೇಕು. ಹಳೇ ಅಳತೆ ಕೈಯಲ್ಲಿದ್ದರೆ ಇನ್ನೂ ಒಳ್ಳೇದು. ನಾವು ಎರಡು ವರ್ಷಕ್ಕೊಮ್ಮೆ ಊರು ಬದಲಾಯಿಸೋರು. ಮೂರು ಮನೆ ಹಿಂದಿನ ಗ್ಯಾಸ್ ಬುಕ್ಕೇ ಸಿಗಲ್ಲ, ಮೂವತ್ತು ವರ್ಷ ಹಿಂದಿನ ಕಾರ್ನಿಯಾ ಮ್ಯಾಪ್ ಎಲ್ಲಿಂದ ತರೋದು? ಹಾಗಂತ ಲೇಸರ್ ಮಾಡಿಸಬೇಡಿ ಅಂತ ನಾನು ಹೇಳ್ತಿಲ್ಲ. ಚಿಕ್ಕ ಪ್ಲಸ್ ಪವರ್‌ನ ನಮ್ಮ ಟೀಮಿನ ಒಬ್ಬರು ಮಾಡಿಸಿಕೊಂಡು ಖುಷಿಯಾಗಿದ್ದಾರೆ. ತಮ್ಮ ಟೋಪೋಗ್ರಫಿ, ಕಣ್ಣಿನ ಉದ್ದ, ಹಳೇ ನಂಬರ್ ಎಲ್ಲ ಸ್ಕ್ಯಾನ್ ಮಾಡಿ ತಮಗೇ ಮೇಲ್ ಮಾಡಿಕೊಂಡಿದ್ದಾರೆ, ಹೆಂಡತಿಗೂ ಒಂದು ಕಾಪಿ.

ಕೌನ್ಸೆಲರ್ ಇದುವರೆಗೆ ಮೂರು ಸಲ ಫೋನ್ ಮಾಡಿದ್ದಾರೆ. ಮೊದಲು ಕೋನ ನೋಡೋ ಪರೀಕ್ಷೆ, ಗೋನಿಯೊಸ್ಕೋಪಿ, ಮಾಡಿಸಿ ಅಂದೆ. ಅದು ಪ್ಯಾಕೇಜಲ್ಲಿ ಇಲ್ಲ ಸರ್ ಅಂದರು. ಬೇರೆ ಕಡೆ ಕೇಳಿ ಮುಂದಿನ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ತಂಗಿಗೂ ಹೇಳಿದ್ದೀನಿ, ಅವಳದೂ ಪ್ಲಸ್. "ಅಣ್ಣಾ, ನಂಗ ಬರೇ ಎರಡೂವರಿ ಐತಿ" ಅಂದಳು. ಶುಕ್ರವಾರ ರಾತ್ರಿ ಬಸ್ಸಿಗೆ ಅವಳನ್ನೂ ಹತ್ತಿಸು ಅಂತ ಅವ್ವಗೆ ಫೋನ್ ಮಾಡಿದ್ದೀನಿ.